ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಕಾರು

ಸೆಪ್ಟೆಂಬರ್ 3, ಸೋಮವಾರ

ಡಾಕ್ಟರಮ್ಮ ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಪೆನ್ನು ಹಿಡಿದು ಕೂರುವವರ ಪೈಕಿ ನಾನಲ್ಲ. ನನಗೆ ಸ್ಟೇರಿಂಗ್ ಸಾಕು, ಅದೂ ಬೇರೆಯವರು ಹಿಡಿದ ಸ್ಟೇರಿಂಗು.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ನನಗೆಂದೇ ಕಾಲ ಬಳಿ ಇಟ್ಟಿರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಊರಿ, ಜೀವ ಕೈಯಲ್ಲಿ ಹಿಡಿದುಕೊಂಡು ದಿನವಿಡೀ ಊರು ಸುತ್ತುವುದು ನನ್ನ ಕೆಲಸ. ಕಲಿಸುವವರ ಲೈಸೆನ್ಸನ್ನು ಈ ತಿಂಗಳ ಕೊನೆಗೆ ಹೊಸದು ಮಾಡಿಸಬೇಕು, ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಇವತ್ತು ಹೋದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿದರು, ಗಾಳಿ ತುಂಬಿದರು, ಮೀಟರ್ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನಮ್ಮ ಇದು? ಇಷ್ಟು ಬಿ.ಪಿ. ಇಟ್ಕೊಂಡು ಕಾರಲ್ಲಿ ಕೂರ್ತೀಯಾ?"

"ಕಾರಲ್ಲಿ ಕೂತೇ ಇಷ್ಟಾಗಿರೋದು ಡಾಕ್ಟ್ರೇ."

ಅವರು ನಗಲಿಲ್ಲ. "ಮಾತ್ರೆ ಆಮೇಲೆ ನೋಡೋಣ. ದಿನಕ್ಕೆ ಕಾಲು ಗಂಟೆ ಎಲ್ಲಾದ್ರೂ ಸುಮ್ನೆ ಕೂತ್ಕೋ. ಏನೂ ಮಾಡ್ಬೇಡ. ನೆಮ್ಮದಿ ಸಿಕ್ತಾ ಇಲ್ವಾ ಅಂತ ಬರೆದಿಡು. ಇಪ್ಪತ್ತೆಂಟಕ್ಕೆ ಬಾ. ಆಗ್ಲೂ ಹೀಗೇ ಇದ್ರೆ ನಾನು ಸಹಿ ಹಾಕಲ್ಲ."

ಸಹಿ ಇಲ್ಲದಿದ್ದರೆ ಲೈಸೆನ್ಸಿಲ್ಲ. ಲೈಸೆನ್ಸಿಲ್ಲದಿದ್ದರೆ ನಮ್ಮ ಓನರ್ ನನ್ನನ್ನು ಆಫೀಸಿನಲ್ಲಿ ಕೂರಿಸಿ ಫೋನ್ ಎತ್ತಲು ಹೇಳುತ್ತಾರೆ. ಒಂದು ವಾರ ಫೋನ್ ಎತ್ತಿದರೆ ನನಗೆ ಹುಚ್ಚು ಹಿಡಿಯುತ್ತದೆ. ಬೈದುಕೊಂಡೇ ಮಾಡಿದರೂ ಈ ಕೆಲಸವೆಂದರೆ ನನಗೆ ಪ್ರಾಣ. ನಡುಗುತ್ತ ಬಂದವರು ಒಂದು ದಿನ ಸಲೀಸಾಗಿ ಗೇರ್ ಬದಲಿಸಿ ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಾರಲ್ಲ, ಆ ಖುಷಿ ಫೋನಿನಲ್ಲಿ ಬರುವುದಿಲ್ಲ.

ಸರಿ, ನಾಳೆಯಿಂದ ನೆಮ್ಮದಿ. ಹಟ ಹಿಡಿದರೆ ನಾನು ಬಿಡುವವಳಲ್ಲ.

ಸೆಪ್ಟೆಂಬರ್ 4, ಮಂಗಳವಾರ

ಮಗಳು ನನ್ನ ಫೋನಿಗೆ ಏನೋ ಹಾಕಿಕೊಟ್ಟಳು. ಒತ್ತಿದರೆ ನೀರು ಹರಿಯುವ ಸದ್ದು ಬರುತ್ತದೆ, ಕಣ್ಣು ಮುಚ್ಚಿ ಕೇಳಬೇಕಂತೆ. ಸಂಜೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಇನ್ನೇನು ಉಸಿರು ನಿಧಾನವಾಗಬೇಕು, ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ: "ಯಾರು ನಲ್ಲಿ ಬಿಟ್ಟಿರೋದು?"

ನಮ್ಮತ್ತೆಗೆ ಎದುರು ನಿಂತು ಕೂಗಿದರೂ ಕೇಳುವುದಿಲ್ಲ, ನಲ್ಲಿ ತೊಟ್ಟಿಕ್ಕಿದರೆ ಮಾತ್ರ ಆಚೆ ಬೀದಿಯಿಂದಲೂ ಕೇಳುತ್ತದೆ. ಬಚ್ಚಲಿಗೆ ಹೋದರು, ಅಡುಗೆಮನೆಗೆ ಹೋದರು, ಎಲ್ಲೂ ನೀರು ಕಾಣದಿದ್ದಾಗ ನಮ್ಮ ಮನೆಯವರನ್ನು ತಾರಸಿಗೆ ಅಟ್ಟಿದರು. ಇವರು ಟ್ಯಾಂಕಿನ ಮುಚ್ಚಳ ಎತ್ತಲು ಹೋಗಿ ಬೆರಳು ಜಜ್ಜಿಕೊಂಡು ಬಂದರು. ಅದಕ್ಕೆ ಬಟ್ಟೆ ಸುತ್ತುವಷ್ಟರಲ್ಲಿ ನನ್ನ ಕಾಲು ಗಂಟೆ ಮುಗಿದಿತ್ತು.

ನೆಮ್ಮದಿ: ಇಲ್ಲ.

ಸೆಪ್ಟೆಂಬರ್ 6, ಗುರುವಾರ

ಇಷ್ಟು ದಿನ ಕುರುಡರ ಹಾಗೆ ಓಡಿಸುವವರನ್ನು ನೋಡಿದ್ದೇನೆ, ಕುದುರೆಯ ಹಾಗೆ ಓಡಿಸುವವರನ್ನು ನೋಡಿದ್ದೇನೆ. ಇವತ್ತು ಬಂದವರಂಥವರನ್ನು ನೋಡಿರಲಿಲ್ಲ. ರಿಟೈರ್ ಆದ ಬಸ್ ಕಂಡಕ್ಟರು. ಬೆಳಗ್ಗೆ ಹತ್ತರ ಕ್ಲಾಸು ಅವರದು.

"ಇಡೀ ಆಯಸ್ಸು ಬಸ್ಸಲ್ಲೇ ಕಳೆದೆ ಮೇಡಂ. ಆದ್ರೆ ಸ್ಟೇರಿಂಗ್ ಮುಟ್ಟಿಲ್ಲ. ಅದು ಡ್ರೈವರ್ದು," ಎಂದರು. ಈಗ ಅವರ ಹೆಂಡತಿಗೆ ಗಂಡ ಓಡಿಸುವ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ತಿರುಗಾಡುವ ಆಸೆಯಂತೆ.

ಮನುಷ್ಯ ಒಳ್ಳೆಯವರು. ಆದರೆ ಹೊರಡುವ ಮೊದಲು ಹಿಂದಕ್ಕೆ ತಿರುಗಿ ಖಾಲಿ ಸೀಟಿಗೆ "ಒಳಗೆ ಹೋಗಿ, ಒಳಗೆ ಹೋಗಿ" ಅನ್ನುತ್ತಾರೆ. ಬಾಗಿಲಿಗೆ ಎರಡು ಸಲ ತಟ್ಟಿ "ರೈಟ್" ಅಂದುಕೊಂಡ ಮೇಲೆಯೇ ಕ್ಲಚ್ಚಿನಿಂದ ಅವರ ಕಾಲು ಮೇಲೇಳುವುದು. ಇರಲಿ, ಅದನ್ನು ಹೇಗೋ ನುಂಗಿಕೊಂಡೆ. ಮುಖ್ಯ ರಸ್ತೆಗೆ ಬಂದು ಸ್ವಲ್ಪ ದೂರ ಚೆನ್ನಾಗಿಯೇ ಹೋದರು. ಪೇಂಟ್ ಅಂಗಡಿಯ ಮುಂದೆ ಗಕ್ಕನೆ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?"

"ಸ್ಟಾಪು ಮೇಡಂ."

"ಯಾವ ಸ್ಟಾಪು?"

"ಬಸ್ ಸ್ಟಾಪು."

"ಇದು ಬಸ್ಸಾ ಕಂಡಕ್ಟ್ರೇ?"

ಅವರು ಕಾರಿನ ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, "ಅಲ್ಲ ಮೇಡಂ," ಎಂದು ಒಪ್ಪಿಕೊಂಡರು. ಬಾಗಿಲಿಗೆ ಎರಡು ಸಲ ತಟ್ಟಿ ಹೊರಟರು. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿದರು.

ಆ ರಸ್ತೆಯಲ್ಲಿರುವ ಸ್ಟಾಪು ಒಂದೆರಡಲ್ಲ. ಪ್ರತಿಯೊಂದರಲ್ಲೂ ನಿಂತು, ಜನ ಹತ್ತಿ ಇಳಿಯಲು ಬೇಕಾದಷ್ಟು ಹೊತ್ತು ಕಾದು, ಆಮೇಲೆ ಹೊರಡುವುದು. ನನ್ನ ತಲೆಯೊಳಗೆ ಕುಕ್ಕರ್ ಕೂಗಿದ ಹಾಗಾಯಿತು. ಡ್ರೈವಿಂಗ್ ಟೆಸ್ಟಿನಲ್ಲಿ ಹೀಗೆ ಮಾಡಿದರೆ ಇನ್ಸ್‌ಪೆಕ್ಟರು ಇವರ ಜೊತೆ ನನ್ನನ್ನೂ ಮನೆಗೆ ಕಳಿಸುತ್ತಾರೆ. ಓನರ್‌ಗೆ ದೂರಿದೆ, ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ನೆಮ್ಮದಿ: ಕೇಳಲೇಬೇಡಿ.

ಸೆಪ್ಟೆಂಬರ್ 9, ಭಾನುವಾರ

ಇವರು ಕಾರು ಓಡಿಸಿದರು, ಅಕ್ಕನ ಮನೆಗೆ ಹೋದೆವು. ದಾರಿಯುದ್ದಕ್ಕೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ನೆಲ ತೂತು ಮಾಡಿ ರಸ್ತೆಗಿಳೀತೀಯಾ?" ಅಂದರು ಇವರು. ಮಗಳು ಹಿಂದಿನಿಂದ ಕಿಸಕ್ಕೆಂದಳು. ಇಬ್ಬರ ಮೇಲೂ ರೇಗಿದೆ.

ಅಕ್ಕನಿಗೆ ನನ್ನ ಬಿ.ಪಿ. ಸುದ್ದಿ ಹೇಳಿದ್ದೇ ತಪ್ಪಾಯಿತು. ಮೌನವಾಗಿರುವುದು ಎಷ್ಟು ಒಳ್ಳೆಯದು ಎಂದು ಊಟದಿಂದ ಟೀವರೆಗೆ ಬಾಯಿ ಮುಚ್ಚದೆ ಹೇಳಿದಳು. ವಾಪಸು ಬರುವಾಗ ತಲೆ ಸಿಡಿಯುತ್ತಿತ್ತು.

ನೆಮ್ಮದಿ: ಇಲ್ಲ. ಇನ್ನೂ ದೂರ ಹೋಯಿತು.

ಸೆಪ್ಟೆಂಬರ್ 11, ಮಂಗಳವಾರ

ಇವತ್ತು ನಡೆದದ್ದನ್ನು ಓನರ್‌ಗೆ ಹೇಳುವ ಹಾಗಿಲ್ಲ.

ಕಂಡಕ್ಟರು ಎಂದಿನಂತೆ ಪೇಂಟ್ ಅಂಗಡಿ ಸ್ಟಾಪಿನಲ್ಲಿ ನಿಲ್ಲಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಅಜ್ಜಿ ಹಿಂದಿನ ಬಾಗಿಲು ತೆಗೆದು, ತರಕಾರಿ ಚೀಲ ಒಳಗಿಟ್ಟು, ತಾವೂ ಹತ್ತಿ ಕೂತರು. ಕಂಡಕ್ಟರು ಸಹಜವಾಗಿ ಹಿಂದೆ ತಿರುಗಿ, "ಎಲ್ಲಿಗಮ್ಮ?" ಅಂದರು.

"ಆಸ್ಪತ್ರೆ ಸ್ಟಾಪು."

"ಮೂರನೇದು. ಒಳಗೆ ಸರಿದು ಕೂತ್ಕೊಳ್ಳಿ."

"ಅಜ್ಜಿ, ಇದು ಬಸ್ಸಲ್ಲ, ಕಲಿಯೋರ ಕಾರು!" ಅಂದೆ ನಾನು.

"ಕಲೀಲಿ ಬಿಡಮ್ಮ, ಯಾರು ಬೇಡ ಅಂದ್ರು," ಎಂದು ಅಜ್ಜಿ ಸೀಟಿಗೆ ಒರಗಿದರು.

ಆಸ್ಪತ್ರೆ ಸ್ಟಾಪಿನಲ್ಲಿ ಇಳಿಸಿದೆವು. ಇಳಿಯುವಾಗ ಅಜ್ಜಿ, "ಡ್ರೈವರ್ ಚೆನ್ನಾಗಿ ಓಡಿಸ್ತಾನೆ, ನೀನು ಯಾಕಮ್ಮ ಸುಮ್ನೆ ಕೂಗಾಡ್ತೀಯ?" ಎಂದು ನನ್ನನ್ನೇ ಕೇಳಿದರು. ಮೊದಲು ಕಂಡಕ್ಟರಿಗೆ ನಗು ಬಂತು. ಆಮೇಲೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಅದರಲ್ಲಿ ಕ್ಲಾಸಿನ ಅರ್ಧ ಸಮಯ ಹಾಳಾಯಿತು.

ರಾತ್ರಿ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂತೆ. ಸೊಳ್ಳೆ. ನೆಮ್ಮದಿ: ಇಲ್ಲ.

ಸೆಪ್ಟೆಂಬರ್ 14, ಶುಕ್ರವಾರ

ಕಂಡಕ್ಟರನ್ನು ಕೂರಿಸಿಕೊಂಡು ಖಡಾಖಂಡಿತ ಹೇಳಿದೆ: ಟೆಸ್ಟ್ ನಡೆಯುವುದು ಇದೇ ರಸ್ತೆಯಲ್ಲಿ, ಒಂದು ಸ್ಟಾಪಿನಲ್ಲಿ ನಿಂತರೂ ಫೇಲು. ಅವರು ತಲೆ ತಗ್ಗಿಸಿದರು.

"ಕಾಲು ಕೇಳಲ್ಲ ಮೇಡಂ. ಕೈ ತೋರಿಸಿದೋರನ್ನ ಬಿಟ್ಟು ಹೋದ್ರೆ ಅವತ್ತು ನನಗೆ ಊಟ ಸೇರಲ್ಲ."

"ಅವರು ಕೈ ತೋರಿಸ್ತಿರೋದು ಹಿಂದೆ ಬರೋ ಬಸ್ಸಿಗೆ!"

"ಗೊತ್ತು. ಆದ್ರೂ ನನ್ನನ್ನೇ ನೋಡಿದ ಹಾಗಿರುತ್ತೆ."

ಪಾಪ ಅನ್ನಿಸಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಹೋಗುವಾಗ ಎಲ್ಲೂ ನಿಲ್ಲಿಸಬಾರದು, ಬರುವಾಗ ನಿಲ್ಲಿಸಬಹುದು. ಚಟವನ್ನು ಒಂದೇ ಸಲ ಬಿಡಿಸಬಾರದು, ಮೆಲ್ಲಗೆ ಬಿಡಿಸಬೇಕು. ಇದು ನನ್ನದೇ ಆದ ಕಲಿಸುವ ಪದ್ಧತಿ.

ಹೋಗುವಾಗ ಬೆವರು ಒರೆಸಿಕೊಳ್ಳುತ್ತ, ಪ್ರತಿ ಸ್ಟಾಪಿನ ಎದುರೂ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ದಾಟಿದರು. ಬರುವಾಗ ಸ್ಟಾಪಿನಿಂದ ಸ್ಟಾಪಿಗೆ ನಿಂತು ನಿಂತು ಬಂದೆವು. ಹಿಂದೆ ಬಂದ ಬಸ್ಸು ಹಾರನ್ ಹೊಡೆಯಿತು. ಆಮೇಲೆ ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಕಂಡಕ್ಟ್ರೇ, ಸ್ವಂತ ಸರ್ವಿಸ್ ಶುರು ಮಾಡಿದ್ರಾ?" ಎಂದು ಸಲಾಮು ಹೊಡೆದು, ಪಕ್ಕದಿಂದ ದಾಟಿ ಹೋದ.

ಮರದ ಕೆಳಗಿನ ಸ್ಟಾಪಿನಲ್ಲಿ ಒಬ್ಬಾಕೆ ಕೆಂಪು ಉಲ್ಲನ್ನಿನ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಕಣ್ಣು ರಸ್ತೆಯ ಮೇಲೆ, ಕೈ ತನ್ನ ಪಾಡಿಗೆ ತಾನು. ಮೈ ಆಗಿದೆ, ಒಂದು ತೋಳು ಆಗಿದೆ, ಇನ್ನೊಂದು ತೋಳು ಶುರುವಾಗಿದೆ.

ಸಂಜೆ ಅಡುಗೆಮನೆಯಲ್ಲೇ ನೆಮ್ಮದಿಗೆ ಕೂತೆ. ಹಾಲು ಉಕ್ಕಿತು.

ಸೆಪ್ಟೆಂಬರ್ 17, ಸೋಮವಾರ

ಸ್ವೆಟರಿನ ತೋಳು ಮೊಣಕೈವರೆಗೆ ಬಂದಿದೆ.

ನೆಮ್ಮದಿಗೆ ಇವತ್ತು ಟೈಮೇ ಸಿಗಲಿಲ್ಲ.

ಸೆಪ್ಟೆಂಬರ್ 19, ಬುಧವಾರ

ಮೊನ್ನೆ ಹೆಣೆದದ್ದನ್ನು ಆಕೆ ಇವತ್ತು ಬಿಚ್ಚುತ್ತಿದ್ದಳು. ಏನೋ ತಪ್ಪಿರಬೇಕು. "ಅಯ್ಯೋ," ಅಂದೆ ನಾನು. "ಅಯ್ಯೋ," ಅಂದರು ಕಂಡಕ್ಟರೂ. ಆಕೆಗೆ ಮಾತ್ರ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ, ಎಳೆ ಎಳೆಯಾಗಿ ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಗಂಡಸು ದಿನವೂ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ನಿದ್ದೆಹೋಗುತ್ತಾನೆ. ಇವತ್ತೂ ಬಸ್ಸು ತಪ್ಪಿಸಿಕೊಂಡ. ಒಂದು ನಾಯಿ ಸಾಲಿನಲ್ಲಿ ನಿಂತಿತ್ತು, ಬಸ್ಸು ಬಂದಾಗ ಹತ್ತಲಿಲ್ಲ. ಬಹುಶಃ ಅದರ ಬಸ್ಸಲ್ಲ. ಮರದಿಂದ ಒಂದು ಎಲೆ ನಮ್ಮ ಗಾಜಿನ ಮೇಲೆ ಬಿತ್ತು. ಕಂಡಕ್ಟರು ವೈಪರ್ ಹಾಕಲು ಹೋದರು, ಇರಲಿ ಬಿಡಿ ಅಂದೆ.

ಮನೆಗೆ ಬಂದರೆ ಮಗಳು ಒದ್ದೆ ಟವೆಲನ್ನು ನನ್ನ ಹಾಸಿಗೆಯ ಮೇಲೆ ಎಸೆದಿದ್ದಳು. ಎತ್ತಿ ಒಣಗಲು ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮ, ಟವೆಲ್ ನೋಡಿದ್ಯಾ?"

"ನೋಡಿದೆ."

"ಬೈಲಿಲ್ಲ?"

"ಮರ್ತೆ."

ಅವಳು ಓಡಿಹೋಗಿ ಅಜ್ಜಿಯ ಕಿವಿಯಲ್ಲಿ ಏನೋ ಕೂಗಿದಳು. ಅತ್ತೆ ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ," ಎಂದು ಇಡೀ ಮನೆಗೆ ಸಾರಿದರು. ಈ ಮನೆಯಲ್ಲಿ ಒಂದು ಕ್ಷಣ ಸುಮ್ಮನಿರಲು ಬಿಡುವುದಿಲ್ಲ. ಡಾಕ್ಟರಮ್ಮನಿಗೆ ಏನೆಂದು ಹೇಳಲಿ?

ಸೆಪ್ಟೆಂಬರ್ 23, ಭಾನುವಾರ

ಇವರ ಜೊತೆ ಪೇಟೆಗೆ ಹೋಗಿ ಬಂದೆ. ಬರುವಾಗ ಕಾರಿನಲ್ಲೇ ನಿದ್ದೆ ಬಂದುಬಿಟ್ಟಿತು, ಕತ್ತು ಹಿಡಿದುಕೊಂಡಿದೆ. "ಮದುವೆಯಾದಾಗಿಂದ ನಾನು ಓಡಿಸೋವಾಗ ನೀನು ನಿದ್ದೆ ಮಾಡಿದ್ದು ಇದೇ ಮೊದಲು," ಎಂದರು ಇವರು. ನನ್ನನ್ನು ಎಬ್ಬಿಸಬಾರದು ಎಂದು ಮನೆ ದಾಟಿ ಇನ್ನೊಂದು ಸುತ್ತು ಹೊಡೆದರಂತೆ. ಪೆಟ್ರೋಲು ದಂಡ. ಕತ್ತಿಗೆ ಬಿಸಿ ಬಟ್ಟೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 25, ಮಂಗಳವಾರ

ಕಂಡಕ್ಟರು ಪಳಗಿಬಿಟ್ಟಿದ್ದಾರೆ. ಹೋಗುವಾಗಲೂ ನಿಲ್ಲಿಸಲಿಲ್ಲ, ಬರುವಾಗಲೂ ನಿಲ್ಲಿಸಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ, ಬಾಗಿಲಿಗೆ ತಟ್ಟಲಿಲ್ಲ. ಗಂಟೆ ಹತ್ತೂಮುಕ್ಕಾಲು ಆಗುವ ಮೊದಲೇ ಸ್ಕೂಲಿನ ಗೇಟಿನಲ್ಲಿದ್ದೆವು.

"ಹೇಗೆ ಮೇಡಂ?" ಎಂದು ಹೆಮ್ಮೆಯಿಂದ ಕೇಳಿದರು.

ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ರಸ್ತೆಯ ಬದಿಗೆ ನಿಲ್ಲಿಸುವುದರಲ್ಲಿ ಅವರ ಕೈ ಇನ್ನೂ ಸ್ವಲ್ಪ ಬಿಗಿ ಅನ್ನಿಸಿತು. ಟೆಸ್ಟಿನಲ್ಲಿ ಅದನ್ನೂ ಕೇಳುತ್ತಾರೆ. "ಇನ್ನೊಂದು ರೌಂಡ್ ಹೋಗೋಣ, ಮರದ ಸ್ಟಾಪಿನ ಪಕ್ಕ ನಿಲ್ಲಿಸಿ ತೋರಿಸಿ," ಅಂದೆ. ನಿಲ್ಲಿಸಿದರು. ಸರಿಯಾಗಿಯೇ ನಿಲ್ಲಿಸಿದರು, ಆದರೂ ನಿಂತದ್ದು ಹೇಗಿದೆ ಎಂದು ಸ್ವಲ್ಪ ಹೊತ್ತು ಕೂತು ನೋಡಬೇಕಲ್ಲ. ಎರಡನೇ ತೋಳು ಮಣಿಕಟ್ಟಿನ ಹತ್ತಿರ ಬಂದಿದೆ. ಇನ್ನು ಎರಡು ಮೂರು ದಿನದ ಕೆಲಸ.

ಇದೆಲ್ಲ ಪಾಠದ ಭಾಗ.

ಸೆಪ್ಟೆಂಬರ್ 27, ಗುರುವಾರ

ನಾಳೆ ಹತ್ತಕ್ಕೆ ಕಂಡಕ್ಟರ ಟೆಸ್ಟು, ಹನ್ನೆರಡಕ್ಕೆ ನನ್ನ ಡಾಕ್ಟರು. ಹಿಂದಿನ ಪುಟಗಳನ್ನು ತಿರುವಿದೆ. ಕಾಲು ಗಂಟೆ ನೆಮ್ಮದಿಯಾಗಿ ಕೂತೆ ಎಂದು ಒಂದು ದಿನವೂ ಬರೆದಿಲ್ಲ. ಸಹಿ ಸಿಗುವುದಿಲ್ಲ. ಆಫೀಸಿನಲ್ಲಿ ಫೋನಿನ ಪಕ್ಕದ ಕುರ್ಚಿಯನ್ನು ಇವತ್ತು ನೋಡಿ ಬಂದೆ. ಒಂದು ಕಾಲು ಅಲುಗಾಡುತ್ತದೆ. ಅಳು ಬಂತು.

ಸೆಪ್ಟೆಂಬರ್ 28, ಶುಕ್ರವಾರ

ಎಲ್ಲವನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಟೆಸ್ಟಿನಲ್ಲಿ ಇನ್ಸ್‌ಪೆಕ್ಟರು ಮುಂದೆ ಕೂರುತ್ತಾರೆ, ಕಲಿಸಿದವರು ಹಿಂದೆ. ನಿಯಮ ಒಂದೇ: ಕಲಿಸಿದವರು ಬಾಯಿ ಬಿಡಬಾರದು. ಬಿಟ್ಟರೆ ಟೆಸ್ಟು ಅಲ್ಲಿಗೆ ಮುಗಿಯಿತು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೆಮ್ಮಿದವಳಲ್ಲ.

ಕಂಡಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹೊರಟರು. ಪೇಂಟ್ ಅಂಗಡಿ ಸ್ಟಾಪು ಬಂತು, ದಾಟಿದರು. ಮುಂದಿನದು ಬಂತು, ಅಲ್ಲಿ ಒಬ್ಬರು ಕೈಯನ್ನೂ ತೋರಿಸಿದರು, ದಾಟಿದರು. ನನ್ನ ಎದೆ ಉಬ್ಬಿತು. ಇನ್ಸ್‌ಪೆಕ್ಟರು ಏನೋ ಟಿಕ್ ಮಾಡಿಕೊಂಡರು. ಮರದ ಸ್ಟಾಪು ಬಂತು. ಆಕೆ ಎದ್ದು ನಿಂತು, ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಳಕಿಗೆ ನೋಡುತ್ತಿದ್ದಳು. ಕಾರು ಮುಂದೆ ಹೋಗುತ್ತಿದೆ, ನನಗೆ ಸರಿಯಾಗಿ ಕಾಣುತ್ತಿಲ್ಲ.

"ನಿಲ್ಸಿ, ನಿಲ್ಸಿ! ತೋಳು ಮುಗೀತು!"

ಇದು ನನ್ನ ಬಾಯಿಂದ ಬಂದ ಮಾತು. ಬರೆಯುವಾಗಲೂ ನಂಬಿಕೆ ಬರುತ್ತಿಲ್ಲ.

ಹಿಂದಿನ ಸೀಟಿನಿಂದ ಹೆಂಗಸಿನ ದನಿ "ನಿಲ್ಸಿ" ಅಂದರೆ ಆ ಮನುಷ್ಯ ಏನು ಮಾಡಿಯಾರು? ಕಾರು ಸ್ಟಾಪಿನ ಪಕ್ಕಕ್ಕೆ ಹಗುರವಾಗಿ ಸರಿದು, ಅಲುಗಾಡದೆ ನಿಂತಿತು. ಕಂಡಕ್ಟರು ಹಿಂದೆ ತಿರುಗಿ, "ನಿಧಾನಕ್ಕೆ ಇಳೀರಿ," ಅಂದರು.

"ಯಾರ ತೋಳು?" ಎಂದರು ಇನ್ಸ್‌ಪೆಕ್ಟರು.

ಅವರು ಕಾಗದದ ಮೇಲೆ ಅಡ್ಡಗೆರೆ ಎಳೆದರು. "ಇಷ್ಟು ಚೆನ್ನಾಗಿ ನಿಲ್ಲಿಸಿದೋರನ್ನ ನಾನು ಈ ವರ್ಷ ನೋಡಿಲ್ಲ. ಆದ್ರೆ ಫೇಲು. ಮೇಡಂ, ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾರಿನಿಂದ ಇಳಿದು ಕಂಡಕ್ಟರ ಮುಂದೆ ಕೈ ಮುಗಿದೆ. ಅವರು ನನ್ನನ್ನು ನೋಡಿ, ಸ್ಟಾಪಿನ ಕಡೆ ನೋಡಿ, "ಮುಗ್ದಿದೆ ಮೇಡಂ. ಚೆನ್ನಾಗಿ ಬಂದಿದೆ," ಅಂದರು. ಅಷ್ಟೇ.

ಅಲ್ಲಿಂದ ನೇರ ಡಾಕ್ಟರಮ್ಮನ ಬಳಿಗೆ. ಹೇಗೂ ಎಲ್ಲ ಮುಗಿದಿದೆ ಎಂದುಕೊಂಡು ತೋಳು ಚಾಚಿದೆ. ಅವರು ಗಾಳಿ ತುಂಬಿದರು, ನೋಡಿದರು. ಎದ್ದು ಹೋಗಿ ಬೇರೆ ಮೀಟರ್ ತಂದು ಇನ್ನೊಂದು ತೋಳಿಗೆ ಸುತ್ತಿದರು. ಮತ್ತೆ ನೋಡಿದರು.

"ಏನು ಮಾಡಿದೆ ಹೇಳು."

"ಏನೂ ಮಾಡ್ಲಿಲ್ಲ ಡಾಕ್ಟ್ರೇ. ಒಂದು ದಿನ ಅತ್ತೆ, ಒಂದು ದಿನ ಸೊಳ್ಳೆ, ಒಂದು ದಿನ ಹಾಲು. ನೀವು ಹೇಳಿದ ಕಾಲು ಗಂಟೆ ಒಂದು ದಿನವೂ ಸಿಗ್ಲಿಲ್ಲ. ಇರೋ ಟೈಮೆಲ್ಲ ಆ ಕಂಡಕ್ಟರ ಸ್ಟಾಪಲ್ಲಿ ನಿಂತು ನಿಂತೇ ಹಾಳಾಯ್ತು."

"ಯಾವ ಕಂಡಕ್ಟರು?"

ಹೇಳಿದೆ. ಅಜ್ಜಿ, ನಾಯಿ, ನಿದ್ದೆಯ ಗಂಡಸು, ಕೆಂಪು ಸ್ವೆಟರು, ಇವತ್ತಿನ ಅನಾಹುತ, ಎಲ್ಲ ಹೇಳಿದೆ. ಹೊರಗೆ ಕಾಯುವವರ ಸಾಲು ಬೆಳೆಯುತ್ತಿತ್ತು, ಆದರೂ ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಆಮೇಲೆ ಸರ್ಟಿಫಿಕೇಟು ಎಳೆದುಕೊಂಡು ಸಹಿ ಹಾಕಿದರು. ಆ ಮೀಟರ್‌ಗಳನ್ನು ನನಗಿನ್ನೂ ಪೂರ್ತಿ ನಂಬಲಾಗುತ್ತಿಲ್ಲ, ಎರಡೂ ಹಳೆಯವು.

ಸೆಪ್ಟೆಂಬರ್ 29, ಶನಿವಾರ

ಓನರ್‌ಗೆ ಸರ್ಟಿಫಿಕೇಟು ಕೊಟ್ಟೆ. ನಿನ್ನೆಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಬೈಯುತ್ತಾರೆ ಎಂದುಕೊಂಡರೆ, ಕುರ್ಚಿ ಎಳೆದು ಕೂರಿಸಿ ಸಮಾಧಾನ ಮಾಡಲು ಬಂದರು.

"ಆ ಕಂಡಕ್ಟರಿಂದ ನಿಮ್ಮ ತಲೆ ಕೆಟ್ಟಿದೆ ಅಂತ ನನಗೆ ಗೊತ್ತಾಯ್ತು. ಮೂರು ವಾರದಿಂದ ದೂರ್ತಾ ಇದ್ರಿ, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವರನ್ನ ಬೇರೆ ಮೇಷ್ಟ್ರಿಗೆ ಕೊಡ್ತೀನಿ. ಹತ್ತರ ಕ್ಲಾಸಿಗೆ ನಿಮಗೊಬ್ಬ ಹೊಸ ಹುಡುಗಿ, ಚುರುಕಿದ್ದಾಳೆ, ವಾರದಲ್ಲಿ ಕಲೀತಾಳೆ."

"ಬೇಡ," ಅಂದೆ.

"ಯಾಕೆ?"

"ಹುಡುಗೀನ ಮೇಷ್ಟ್ರಿಗೆ ಕೊಡಿ. ಕಂಡಕ್ಟರು ನನ್ನ ಸ್ಟೂಡೆಂಟು. ಯಾರಿಗೂ ಕೊಡಲ್ಲ." ನನ್ನ ದನಿ ನನಗೇ ಜೋರು ಅನ್ನಿಸಿತು. ಓನರ್ ಎರಡೂ ಕೈ ಎತ್ತಿ ಶರಣು ಅಂದರು.

ಅಂಗಳದಲ್ಲಿ ಕಂಡಕ್ಟರು ಕಾರಿನ ಗಾಜು ಒರೆಸುತ್ತಿದ್ದರು. ಹೆಂಡತಿಗೆ ಏನು ಹೇಳಿದಿರಿ ಎಂದು ಕೇಳಿದೆ. ಎಲ್ಲ ಹೇಳಿದರಂತೆ, ಹೆಂಡತಿ ನಕ್ಕು ನಕ್ಕು ಸುಸ್ತಾದರಂತೆ. ಆದರೂ ನನಗೆ ಮನಸ್ಸು ತಡೆಯಲಿಲ್ಲ.

"ನನ್ನಿಂದ ನಿಮಗೆ ಇನ್ನೊಂದು ತಿಂಗಳು ತಡ ಆಯ್ತು ಕಂಡಕ್ಟ್ರೇ."

"ನನಗೇನು ಅರ್ಜೆಂಟಿಲ್ಲ ಮೇಡಂ," ಎಂದು ಅವರು ಸ್ಟೇರಿಂಗ್ ಮುಂದೆ ಕೂತು ಬೆಲ್ಟ್ ಹಾಕಿಕೊಂಡರು. "ನಿಮಗಿದೆಯಾ?"

ಯೋಚಿಸಿದೆ. ಹನ್ನೊಂದಕ್ಕೆ ಇನ್ನೊಂದು ಕ್ಲಾಸಿತ್ತು, ಅದರ ಹಿಂದೆ ಮತ್ತೊಂದು. ಮಧ್ಯಾಹ್ನ ಲೈಸೆನ್ಸ್ ಆಫೀಸಿಗೆ ಹೋಗಬೇಕಿತ್ತು, ಸಂಜೆ ಅತ್ತೆಯನ್ನು ಕಿವಿ ಡಾಕ್ಟರಿಗೆ ತೋರಿಸಬೇಕಿತ್ತು, ಮಗಳಿಗೆ ಹೊಸ ಶೂ ಬೇಕಿತ್ತು. ಕೆಲಸ ಬೇಕಾದಷ್ಟಿತ್ತು. ಅರ್ಜೆಂಟು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ.

"ಇಲ್ಲ," ಅಂದೆ. "ಹೊರಡಿ."